ಸರಪಳಿಯಲ್ಲಿ ಬಿಟ್ಟ ಜಾಗ

ಅಪ್ಪನ ಹತ್ತನೇ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ಕಾಗೆಗಳಿಗೇನೂ ಬರವಿಲ್ಲ. ಪಕ್ಕದ ಕುಟುಂಬದವರು ಇಟ್ಟ ಪಿಂಡಕ್ಕೆ ಅವು ಕಿತ್ತಾಡುತ್ತಿದ್ದವು. ನಮ್ಮದರ ಹತ್ತಿರ ಒಂದು ಬಂದು, ಕತ್ತು ವಾರೆ ಮಾಡಿ ನೋಡಿ, ಹಾರಿಹೋಯಿತು. ಹೀಗೆಂದು ನನಗೆ ನೆನಪು. ಅಮ್ಮನ ಪ್ರಕಾರ ಒಂದೂ ಹತ್ತಿರ ಸುಳಿಯಲಿಲ್ಲ. ದಿನಚರಿ ಬರೆಯುವ ಅಭ್ಯಾಸವಿರುವ ನಾನು ಆ ವಾರ ಒಂದು ಸಾಲನ್ನೂ ಬರೆದಿಲ್ಲ. ಆದ್ದರಿಂದ ನಮ್ಮಿಬ್ಬರಲ್ಲಿ ಯಾರು ಸರಿ ಎಂದು ಹೇಳುವವರು ಯಾರೂ ಇಲ್ಲ.

ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎಂಬ ನಂಬಿಕೆ ನಮ್ಮ ಮೈಸೂರಿನಲ್ಲೂ ಇದೆ, ನಾವಿರುವ ಡೊಂಬಿವಲಿಯಲ್ಲಿ ಇನ್ನೂ ಗಟ್ಟಿಯಾಗಿದೆ. ಆಗ ಮನೆಯವರು ಕೈಮುಗಿದು ಒಂದೊಂದೇ ಮಾತು ಕೊಡುತ್ತ ಹೋಗಬೇಕು. ಅವರಿಗೆ ಬೇಕಾಗಿದ್ದ ಮಾತು ಬಾಯಿಂದ ಬಂದ ಕೂಡಲೇ ಕಾಗೆ ಇಳಿಯುತ್ತದಂತೆ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ. ಮನೆ ಮಾರುವುದಿಲ್ಲ ಎಂದೆ. ತಿಥಿ ತಪ್ಪಿಸುವುದಿಲ್ಲ ಎಂದೆ. ಎಂ.ಎ. ಮಾಡಿದವನು, ಇದನ್ನೆಲ್ಲ ನಂಬದವನು, ಒದ್ದೆ ಪಂಚೆಯಲ್ಲಿ ನಿಂತು ಕಾಗೆಗಳಿಗೆ ಆಣೆ ಇಡುತ್ತಿದ್ದೆ. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ, ಅದರಿಂದ ಪಿಂಡ ಮುಟ್ಟಿಸಿ ಮುಗಿಸಿದರು.

ಅಮ್ಮ ದೂರದಲ್ಲಿ ನಿಂತು ನೋಡುತ್ತಿದ್ದಳು. ರಿಕ್ಷಾದಲ್ಲಿ ಕೂತ ಮೇಲೆ, "ಅವ್ರಿಗೆ ಏನು ಬೇಕಿತ್ತು ಅಂತ ನಂಗೊತ್ತು. ನಾನೇ ಕೊಡ್ಲಿಲ್ಲ," ಎಂದಳು.

ಅಪ್ಪ ಫ್ರೀಮೇಸನ್ ಆಗಿದ್ದರು, ಲಾಡ್ಜ್ ಎಂಬ ಸಭಾಮನೆಯಲ್ಲಿ ಗುಟ್ಟಾಗಿ ಸೇರುವ ಹಳೆಯ ಸಹೋದರ ಸಂಘವೊಂದರ ಸದಸ್ಯರು. ರಬಾಳೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ, ಸಂಧ್ಯಾವಂದನೆ ಬಿಡದ ಈ ಮನುಷ್ಯ ತಿಂಗಳಿಗೊಂದು ಶನಿವಾರ ಕಪ್ಪು ಸೂಟು ತೊಟ್ಟು, ಒಂದು ಚಪ್ಪಟೆ ಪೆಟ್ಟಿಗೆ ಹಿಡಿದು ಠಾಣೆಯ ಲಾಡ್ಜಿಗೆ ಹೋಗುತ್ತಿದ್ದರು. ಮೈಸೂರಿನಿಂದ ಬಂದಾಗಲೆಲ್ಲ ಅಪ್ಪನ ಅಕ್ಕ, ನನ್ನ ಸೋದರತ್ತೆ, ಚುಚ್ಚದೆ ಬಿಡುತ್ತಿರಲಿಲ್ಲ. "ಸ್ವಂತ ಫ್ಲ್ಯಾಟ್ ಇಟ್ಕೊಂಡು ಲಾಡ್ಜಿಗೆ ಹೋಗೋನು ನಮ್ಮ ವಂಶದಲ್ಲೇ ಇವನೊಬ್ಬ ನೋಡು!"

ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆಂದು ಅಪ್ಪ ಹೇಳುತ್ತಿರಲಿಲ್ಲ, ಉಳಿದದ್ದನ್ನು ಧಾರಾಳವಾಗಿ ಹೇಳುತ್ತಿದ್ದರು. ಪೀಠದ ಮೇಲೆ ಗೀತೆ, ಕುರಾನ್, ಬೈಬಲ್, ಪಾರಸಿಗಳ ಗ್ರಂಥ ಎಲ್ಲ ಜೊತೆಯಲ್ಲಿರುತ್ತವೆ, ಅವರವರು ಅವರವರ ಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತಾರೆ. ಒಳಗೆ ಎಲ್ಲರೂ ಒಬ್ಬರಿಗೊಬ್ಬರು ಬ್ರದರ್. ಹಿಂದೆ ಕಲ್ಲುಕೆಲಸದವರ ಕೂಟವಾಗಿದ್ದ ಕಾಲದಿಂದಲೂ ಅವರನ್ನು ಕಾಯುವವನು ಸಂತ ಯೋಹಾನ. ಯೋಹಾನರು ಇಬ್ಬರು. ಒಬ್ಬನ ಹಬ್ಬ ಜೂನ್ ಮಳೆಯಲ್ಲಿ, ಇನ್ನೊಬ್ಬನದು ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಕಳೆದ ಮೇಲೆ. "ಒಬ್ಬ ದಕ್ಷಿಣಾಯನ, ಒಬ್ಬ ಉತ್ತರಾಯಣ. ಇದ್ರಲ್ಲಿ ಅರ್ಥವಾಗದೆ ಇರೋದು ಏನಿದೆ?" ಎನ್ನುತ್ತಿದ್ದರು. ಈ ಮಾತು ಅವರದೇ, ಅಥವಾ ನಾನು ಆಮೇಲೆ ಎಲ್ಲೋ ಓದಿ ಅವರ ಬಾಯಿಗೆ ಹಾಕಿದ್ದೇ ಎಂಬ ಅನುಮಾನ ಇತ್ತೀಚೆಗೆ ಶುರುವಾಗಿದೆ. ಆದರೆ ಯೋಹಾನನ ದಿನ ಅವರು ಬೆಳಿಗ್ಗೆಯೇ ತಲೆಗೆ ಎರೆದುಕೊಳ್ಳುತ್ತಿದ್ದುದು ನಿಜ. "ಯಾವ ದೇವ್ರಿಗೋ ಏನೋ," ಎಂದು ಗೊಣಗುತ್ತ ಅಮ್ಮ ನೀರು ಕಾಯಿಸುತ್ತಿದ್ದುದೂ ನಿಜ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಮನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ತಿಳಿದು ಲಾಡ್ಜಿನ ಕೆಲವರು ಬಂದರು. ಅವರಲ್ಲಿ ಹಿರಿಯರೊಬ್ಬರು ಉಡುಪಿ ಕಡೆಯವರು, ಠಾಣೆಯಲ್ಲಿ ಬಹಳ ಕಾಲ ಹೋಟೆಲ್ ನಡೆಸಿ ಮಗನಿಗೆ ಬಿಟ್ಟುಕೊಟ್ಟವರು. ಅವರ ಜೇಬಿನಿಂದ ಬಿಳಿ ಕೈಗವಸಿನ ತುದಿ ಇಣುಕುತ್ತಿತ್ತು. ಬಂದವರೆಲ್ಲರ ಕೈಯಲ್ಲೂ ಒಂದೊಂದು ಜಾಲಿಯ ಚಿಗುರು. ಹಿರಿಯರು ಅಮ್ಮನ ಬಳಿ ಬಂದು ಬಗ್ಗಿ ನಿಂತರು.

"ಅಕ್ಕ, ಬ್ರದರ್‌ದು ಏಪ್ರನ್ ಉಂಟಲ್ಲ, ಅದನ್ನು ಅವರ ಎದೆ ಮೇಲೆ ಇಡುವುದು ನಮ್ಮಲ್ಲೊಂದು ಕ್ರಮ. ಮತ್ತೆ ನಾವು ಒಂದೊಂದು ಚಿಗುರು ಹಾಕಿ ಹೋಗ್ತೇವೆ. ಅಷ್ಟೇ. ಬೇರೆ ಎಂತದೂ ಇಲ್ಲ."

ಏಪ್ರನ್ ಎಂದರೆ ಲಾಡ್ಜಿಗೆ ಸೇರಿದ ದಿನ ಸೊಂಟಕ್ಕೆ ಕಟ್ಟುವ ಬಿಳಿಯದು, ಕುರಿಮರಿಯ ಚರ್ಮದ್ದು. ಅಪ್ಪನ ಚಪ್ಪಟೆ ಪೆಟ್ಟಿಗೆಯಲ್ಲಿ ಇರುತ್ತಿದ್ದುದು ಅದೇ. ಆಗ ನಮ್ಮಲ್ಲೇ ಬಂದು ಉಳಿದಿದ್ದ ಸೋದರತ್ತೆಗೆ ಇದು ಹೇಗೆ ಗೊತ್ತಾಗಿತ್ತೋ.

"ಕೇಳ್ದ್ಯೇನೇ? ಹೆಣದ ಮೇಲೆ ಕುರಿ ಚರ್ಮ ಹಾಕ್ತಾರಂತೆ! ಜನಿವಾರದ ಮೇಲೆ!"

"ಅತ್ತೆ, ಮೆಲ್ಲಗೆ," ಎಂದೆ.

"ಏನು ಮೆಲ್ಲಗೆ? ಅವನು ಇರೋವರೆಗೂ ಮೆಲ್ಲಗೇ ಇದ್ದೆ ನಾನು."

ನಮ್ಮ ತಾತ ಜಿಂಕೆಯ ಚರ್ಮದ ಮೇಲೆ ಕೂತು ಜಪ ಮಾಡುತ್ತಿದ್ದರೆಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. "ಬೇಡ," ಎಂದಳು. ಹಿರಿಯರು, "ಆಯ್ತಕ್ಕ, ಬೇಜಾರಿಲ್ಲ," ಎಂದು ಚಿಗುರನ್ನು ಜೇಬಿಗೆ ಹಾಕಿಕೊಂಡರು. ಸ್ಮಶಾನದ ದಾರಿಯಲ್ಲಿ ಅವರ ಗುಂಪು ಎಲ್ಲರಿಗಿಂತ ಹಿಂದೆ ನಡೆಯಿತು.

ಆಮೇಲಿನ ತಿಂಗಳುಗಳನ್ನು ಬರೆಯಲು ನನಗೆ ಸಂಕೋಚ. ಲಾಡ್ಜಿನ ಶನಿವಾರ ಬಂತೆಂದರೆ ಸಂಜೆ ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. "ನಿಮ್ಮಪ್ಪ ಹಾಲ್‌ನ ಬಾಗಿಲ ಹತ್ರ ನಿಂತಿರ್ತಾರೆ ಕಣೋ. ಒಳಗೆ ಬನ್ನಿ ಅಂದ್ರೆ ಬರಲ್ಲ. ಕೊಡು ಅನ್ನೋ ಹಾಗೆ ಕೈ ಚಾಚಿರ್ತಾರೆ." ನಾನು ನೋಡಿಲ್ಲ. ಆದರೆ ಅಂಥ ಒಂದು ಸಂಜೆ ಹಾಲಿಗೆ ಕಾಲಿಟ್ಟಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು, ಅಪ್ಪನ ಸೂಟಿನ ವಾಸನೆ. ಬೀರುವಿಗೆ ಬೀಗ ಹಾಕಿತ್ತು. ಅಮ್ಮ ಮಧ್ಯಾಹ್ನ ಅದನ್ನು ತೆಗೆದಿರಬೇಕೆಂದು ನಾನು, ತೆಗೆದೇ ಇಲ್ಲವೆಂದು ಅಮ್ಮ. ಅಲ್ಲಿಂದ ಮುಂದೆ ಆ ಶನಿವಾರಗಳಂದು ಘಣಸೋಲಿಯ ಆಫೀಸಿನಲ್ಲಿ ನನಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ನಂಬದವನಿಗೆ ಅಷ್ಟು ಕೆಲಸ ಯಾಕಿತ್ತೋ.

ಡಿಸೆಂಬರಿನಲ್ಲಿ ಹಿರಿಯರ ಫೋನ್ ಬಂತು. ಯೋಹಾನನ ಹಬ್ಬದ ಮಧ್ಯಾಹ್ನದ ಊಟಕ್ಕೆ ಮನೆಯವರನ್ನೂ ಕರೆಯುವುದು ಆ ಲಾಡ್ಜಿನ ರೂಢಿ. ಅಪ್ಪ ಇದ್ದಾಗ ಅಮ್ಮ ಒಮ್ಮೆಯೂ ಹೋದವಳಲ್ಲ, ಮಾಂಸದ ಪಂಕ್ತಿಯಲ್ಲಿ ಕೂರುವುದಿಲ್ಲ ಎಂಬುದು ಅವಳ ಹಟ. ಈ ಸಲ ನಾನು ಬಾಯಿ ತೆರೆಯುವ ಮೊದಲೇ, "ಬರ್ತೀವಿ ಅಂತ ಹೇಳು," ಎಂದಳು. ಹೊರಡುವಾಗ ಅಪ್ಪನ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು.

ಹಳೆಯ ಕಟ್ಟಡ. ಅವರ ಸಭೆ ನಡೆಯುವ ಕೋಣೆ ಮೇಲೆ, ಅದಕ್ಕೆ ಬೀಗ. ಊಟದ ಹಾಲ್ ಕೆಳಗೆ. ಅಮ್ಮ ನೇರ ಹಿರಿಯರ ಹತ್ತಿರ ಹೋಗಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಅವತ್ತು ಬೇಡ ಅಂದ್ಬಿಟ್ಟೆ. ಇವತ್ತು ಏನು ಮಾಡ್ಬೇಕೋ ಮಾಡ್ಬಿಡಿ."

"ಅಕ್ಕ, ಅದು ದೇಹ ಇರುವಾಗ ಮಾಡುವಂಥದ್ದು. ಈಗ ಮಾಡ್ಲಿಕ್ಕೆ ಎಂತದೂ ಇಲ್ಲ."

"ಒಂದು ಮಂತ್ರನಾದ್ರೂ ಇರತ್ತಲ್ಲ?"

"ಇದ್ದಿದ್ರೆ ಹೇಳ್ತಿರಲಿಲ್ವಾ ನಾನು?"

"ಮತ್ತೆ ಅವ್ರು ಬಾಗಿಲಲ್ಲೇ ನಿಂತಿದಾರಲ್ಲ!" ಎಂದಳು ಅಮ್ಮ. ಅಕ್ಕಪಕ್ಕದವರು ತಿರುಗಿ ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹಿರಿಯರು ಮಾತ್ರ ನಗಲಿಲ್ಲ. ಸ್ವಲ್ಪ ಯೋಚಿಸಿ, "ಅವರು ಹಾಗೇ ಅಕ್ಕ. ಒಳಗಿನವರು ಸರಿಯಾಗಿ ಕರೆಯದೆ ಬರುವವರಲ್ಲ," ಎಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನಿಗೇ ಹಿಂದೆ ಕೊಟ್ಟರು. ಸಸ್ಯಾಹಾರದ ಮೇಜು ಬೇರೆಯೇ ಇತ್ತು. ಅಮ್ಮ ಎರಡು ತುತ್ತು ಮೊಸರನ್ನ ತಿಂದು ಕೈ ತೊಳೆದಳು. ಸರಿಯಾಗಿ ಕರೆಯುವುದು ಹೇಗೆ ಎಂದು ನನ್ನನ್ನು ಕೇಳಿದಳು. ನನಗೆಲ್ಲಿ ಗೊತ್ತು?

ಊಟವಾದ ಮೇಲೆ ಕುರ್ಚಿಗಳನ್ನು ಸರಿಸಿದರು. ಮನೆಯವರು ಗೋಡೆಯ ಬದಿಗೆ ಕೂತೆವು. ಗಂಡಸರು ವೃತ್ತವಾಗಿ ನಿಂತು, ಎದೆಯ ಮುಂದೆ ಬಲಗೈಯನ್ನು ಎಡಗೈ ಮೇಲೆ ಅಡ್ಡ ಹಾಯಿಸಿ, ಪಕ್ಕದವರ ಕೈ ಹಿಡಿದರು. ಇದಕ್ಕೆ ಸರಪಳಿ ಎನ್ನುತ್ತಾರೆ. ಆ ವರ್ಷ ತೀರಿಕೊಂಡ ಬ್ರದರ್‌ಗಾಗಿ ಸರಪಳಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡುವುದು ಕ್ರಮ. ಇದು ನನಗೆ ತಿಳಿದದ್ದು ಆಮೇಲೆ. ಆಗ ನಾವು ಕಂಡದ್ದು ಇಷ್ಟು: ಎಲ್ಲರೂ ಕೈ ಹಿಡಿದು ನಿಂತಿದ್ದಾರೆ, ನಮ್ಮ ಕಡೆಗೆ ಒಂದಷ್ಟು ಜಾಗ ಬಿಟ್ಟಿದ್ದಾರೆ, ಮತ್ತು ಸುಮ್ಮನೆ ಕಾಯುತ್ತಿದ್ದಾರೆ.

ಡೊಂಬಿವಲಿಯಲ್ಲಿ ಗಣಪತಿಯ ಆರತಿಗೆ ನಿಂತವರು ಹೀಗೆ ಸರಿದರೆ, ತಡವಾಗಿ ಬಂದವರು ಹೋಗಿ ಸೇರಿಕೊಳ್ಳಬೇಕೆಂದು ಅರ್ಥ. ಅಮ್ಮ ಹಾಗೇ ತಿಳಿದಳು. ಎದ್ದು, ಸೆರಗು ಸಿಕ್ಕಿಸಿಕೊಂಡು, ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ಹೋಗಿ ಆ ಜಾಗದಲ್ಲಿ ನಿಂತುಬಿಟ್ಟಳು.

"ಅರೇ, ಭಾಭೀಜಿ..." ಎಂದ ದನಿ ಅರ್ಧಕ್ಕೇ ನಿಂತಿತು. ಆ ಸರಪಳಿಯಲ್ಲಿ ಹೆಂಗಸೊಬ್ಬಳು ನಿಂತದ್ದೇ ಇಲ್ಲ, ಅದೂ ಸತ್ತವರ ಜಾಗದಲ್ಲಿ. ಎಡಬಲದವರು ಏನು ಮಾಡಲೂ ತೋಚದೆ ಎದುರಿಗಿದ್ದ ಹಿರಿಯರನ್ನು ನೋಡಿದರು. ಅವರು ಅಮ್ಮನನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಕಣ್ಣು ಮುಚ್ಚಿ ತಲೆ ತಗ್ಗಿಸಿದರು. ಆಗ ಇಬ್ಬರೂ ಅಮ್ಮನ ಕೈ ಹಿಡಿದರು.

ನನ್ನ ನೆನಪಿನಲ್ಲಿ ಅಮ್ಮ ಆ ಜಾಗದ ನಡುವೆ ನಿಂತಿರಲಿಲ್ಲ. ಭುಜ ಓರೆ ಮಾಡಿ, ಒಂದು ಅಂಚಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಬಲಗಡೆ ಇನ್ನೂ ಜಾಗವಿತ್ತು, ಆ ಕಡೆಯವರು ಕೈ ನೀಡಿ ಅವಳನ್ನು ಹಿಡಿಯಬೇಕಾಯಿತು. ಆದರೆ ನಾನು ಕೂತಿದ್ದದ್ದು ಅವಳ ಬೆನ್ನ ಹಿಂದೆ, ಎದುರಿನ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅಮ್ಮ ಆಮೇಲೆ ಹೇಳಿದ್ದನ್ನು ಕೇಳಿಯೇ ನಾನು ಈ ಚಿತ್ರ ಮಾಡಿಕೊಂಡಿರಬಹುದು. ಎಷ್ಟೋ ಸಲ ಯೋಚಿಸಿದ್ದೇನೆ, ಯಾವುದು ಮೊದಲು ಎಂದು ಬಿಡಿಸಲಾಗಿಲ್ಲ.

ಗೇಟಿನವರೆಗೆ ಬಂದ ಹಿರಿಯರು, "ಅಕ್ಕ, ಮುಂದಿನ ವರ್ಷ ಆ ಜಾಗ ಬಿಡುವುದಿಲ್ಲ. ಸೇರಿ ನಿಲ್ತೇವೆ. ಹಾಗೆ ಮಾಡಬೇಕಾಗ್ತದೆ," ಎಂದರು. ಹೇಳಲು ಅವರಿಗೆ ಕಷ್ಟವಾಗುತ್ತಿತ್ತು.

"ಸೇರಿ ನಿಂತ್ಕೊಳ್ಳಿ. ಅದಕ್ಕೇನಂತೆ," ಎಂದಳು ಅಮ್ಮ.

ಠಾಣೆಯಲ್ಲಿ ಸ್ಲೋ ಲೋಕಲ್ ಹಿಡಿದೆವು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಕಳವಾ ದಾಟಿದ ಮೇಲೆ ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಅದು ಖಾಲಿ ಇರ್ಲಿಲ್ಲ ಕಣೋ."

"ಯಾವುದು?"

"ಅದೇ, ನಾನು ನಿಂತ ಜಾಗ. ನಾನು ಹೋದ ಮೇಲೆ ಸ್ವಲ್ಪ ಸರಿದ್ರು. ಟ್ರೇನಲ್ಲಿ ಮೂರು ಜನ ಕೂತಿರೋ ಕಡೆ ಸರಿದು ಫೋರ್ತ್ ಸೀಟ್ ಕೊಡ್ತಾರಲ್ಲ, ಅಷ್ಟು."

ಮುಂಬ್ರಾದ ಗುಡ್ಡ ಹಿಂದಕ್ಕೆ ಸರಿಯುತ್ತಿತ್ತು. ನನ್ನ ಕೈಯ ರೋಮ ಎದ್ದಿತ್ತು, ಅದನ್ನು ತೋಳಿನ ಬಟ್ಟೆ ಎಳೆದು ಮುಚ್ಚಿಕೊಂಡೆ. ಇದು ದುಃಖದ ಕೆಲಸ, ಮನಸ್ಸಿನ ಆಟ ಎಂದು ವಿವರಿಸುವಷ್ಟು ಓದು ನನ್ನಲ್ಲಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಅಪ್ಪಂಗೆ ಕೋಪ ಇತ್ತಾ ಅಮ್ಮ? ಏನಾದ್ರೂ ಹೇಳಿದ್ರಾ?"

ಅಮ್ಮ ನನ್ನ ಕಡೆ ತಿರುಗಿದಳು. ಮಳೆಗಾಲದಿಂದ ಈಚೆಗೆ ಅವಳ ಮುಖ ಅಷ್ಟು ಸಡಿಲವಾಗಿದ್ದನ್ನು ನಾನು ಕಂಡಿರಲಿಲ್ಲ.

"ಅಷ್ಟು ವರ್ಷ ಅಲ್ಲಿ ಏನು ನಡೀತು ಅಂತ ಅವ್ರು ನಂಗೆ ಒಂದಿನ ಹೇಳಿದ್ರಾ? ನಾನ್ಯಾಕಪ್ಪ ನಿಂಗೆ ಹೇಳ್ಲಿ?"

ದಿವಾದಲ್ಲಿ ಜನ ನುಗ್ಗಿದರು, ಮಾತು ಅಲ್ಲಿಗೆ ನಿಂತಿತು. ಆಮೇಲೆ ನಾನು ಆಗಾಗ ಕೇಳಿದ್ದೇನೆ, ಒಮ್ಮೆ ತಮಾಷೆಯಾಗಿ, ಒಮ್ಮೆ ನಿಜವಾಗಿಯೂ ಸಿಟ್ಟಾಗಿ. "ಹೋಗೋ, ಕೆಲಸ ನೋಡು," ಎನ್ನುತ್ತಾಳೆ. ಅವಳಿಗೆ ಏನೋ ಗೊತ್ತಾಗಿದೆ ಎಂದು ನಾನು ನಂಬುವುದಿಲ್ಲ. ಆದರೂ ಅವಳು ಹೇಳದೆಯೇ ಹೋಗಿಬಿಟ್ಟರೆ ಎಂಬ ಭಯ ನನ್ನನ್ನು ಬಿಟ್ಟಿಲ್ಲ.