ಪಕ್ಕಾ ಬಣ್ಣದ ನೀರು

ಶಿರಹಟ್ಟಿಯಿಂದ ಬೆಟಗೇರಿಯ ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದಾಗ ನನ್ನನ್ನು ಮೊದಲು ಎದುರುಗೊಂಡದ್ದು ನಾತ. ಬೇರು, ತೊಗಟೆ ಕುದಿಸಿ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿದ ನೀರನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದರು. ಅದು ಕೊಳೆತು ನಾರುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಅತ್ತೆಗೆ ನಗು.

“ನಾರ್ಲಿ ಬಿಡವಾ, ಮಣ್ಣು ಅದನ್ನ ತಿನ್ನಾಕ ಹತ್ತೈತಿ,” ಎನ್ನುತ್ತಿದ್ದರು.

ಗುಂಡಿಯ ಆಚೆಗೇ ಬಾವಿ. ಸುತ್ತಲಿನ ಬಾವಿಗಳೆಲ್ಲ ಸವಳು, ನಮ್ಮದೊಂದೇ ಸಿಹಿನೀರು. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ಬಂದವರನ್ನು ಬರಿಗೊಡದಲ್ಲಿ ಕಳಿಸಿದವರಲ್ಲ ನಮ್ಮತ್ತೆ. ಮೈಮೇಲೆ ಬಂಗಾರವಿರಲಿಲ್ಲ, ಇದ್ದ ಹೆಮ್ಮೆಯೆಲ್ಲ ಆ ಬಾವಿಯದೇ.

ಸ್ವಾತಂತ್ರ್ಯ ಬಂದು ಒಂದಿಷ್ಟು ವರ್ಷಕ್ಕೆ ಡಬ್ಬಿಯ ಪುಡಿ ಬಣ್ಣ ನಮ್ಮ ಮನೆಗೂ ಬಂತು. ಮಾವನಿಗೆ ಹಿಡಿಸಲಾರದ ಹಿಗ್ಗು. ಕೆಂಪು ನೂಲನ್ನು ತಿಕ್ಕಿ ತಿಕ್ಕಿ ತೊಳೆದು, “ಪಕ್ಕಾ ಬಣ್ಣ. ಏನ್ ಮಾಡಿದ್ರೂ ಹೋಗಂಗಿಲ್ಲ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದರ ನೀರೂ ಅದೇ ಗುಂಡಿಗೆ ಬಿತ್ತು.

ಅತ್ತೆಗೆ ಯಾಕೋ ಸಮಾಧಾನವಿಲ್ಲ. ಎರಡು ಮಣ್ಣಿನ ಹರವಿಗಳಿಗೆ ಬಾವಿಯ ನೀರು ತುಂಬಿ, ಗುಂಡಿಯ ಕೆಸರನ್ನು ಒಂದೊಂದು ಹಿಡಿ ಹಾಕಿದರು. ಒಂದಕ್ಕೆ ಬೇರಿನ ಬಣ್ಣ, ಇನ್ನೊಂದಕ್ಕೆ ಪುಡಿಯದು. ಬೇರಿನದು ನೊರೆಯೆದ್ದು, ಗಬ್ಬು ನಾರಿ, ಕಡೆಗೆ ತಿಳಿಯಾಯಿತು. ಪುಡಿಯದು ಮಳೆಗಾಲ ಕಳೆದರೂ ಹಾಕಿದ ದಿನದ ಹಾಗೆಯೇ ಕೆಂಪಗೆ ಕೂತಿತ್ತು. ಒಂದಿಷ್ಟೂ ವಾಸನೆಯಿಲ್ಲ.

ಅತ್ತೆ, ಮಾವ ಇಬ್ಬರೂ ಆ ಪುಡಿಯ ಹರವಿಯನ್ನೇ ಬಗ್ಗಿ ನೋಡಿದರು.

“ನೋಡು, ನಾರಂಗಿಲ್ಲ. ಸ್ವಚ್ಛ ಐತಿ,” ಎಂದರು ಮಾವ.

“ನಾರಂಗಿಲ್ಲ ಅಂದ್ರ ಮಣ್ಣು ಅದನ್ನ ತಿನ್ನಾಕ ಒಲ್ಲದು. ಗುಂಡಿ ಊರ ಹೊರಗ ತೋಡ್ರಿ,” ಎಂದರು ಅತ್ತೆ.

“ನಾತ ಇಲ್ಲದ್ದಕ್ಕ ಹೊಲಸು ಅಂತಿಯೇನ?”

ಮಾವ ನಗುತ್ತಾ ಎದ್ದುಹೋದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು. ನಾರದಿದ್ದರೆ ಒಳ್ಳೆಯದು ಎಂದು ಊರೆಲ್ಲ ನಂಬಿದ್ದನ್ನೇ ಅವರೂ ನಂಬಿದ್ದರು.

ಏಕೀಕರಣದ ದಿನ ಓಣಿ ತುಂಬ ತಳಿರುತೋರಣ. ಹಿಂದಿನ ದಿನ ಹಿಂಗಾರಿ ಮಳೆ ಜೋರಾಗಿ ಹೊಡೆದು ಗುಂಡಿ ತುಂಬಿ ಹರಿದಿತ್ತು. ಹೋಳಿಗೆ ಮಾಡಲು ನೀರು ಬೇಕೆಂದು ಹೆಂಗಸರು ಬೆಳಿಗ್ಗೆಯೇ ಕೊಡ ಹೊತ್ತು ಬಂದು ನಿಂತರು. ಅತ್ತೆ ಸೇದಿದ ಮೊದಲ ಕೊಡದ ನೀರು ಕುಂಕುಮ ಕದಡಿದ ಹಾಗಿತ್ತು. ಚೆಲ್ಲಿ ಮತ್ತೆ ಸೇದಿದರು. ಮತ್ತೆ ಅದೇ.

ಮಾವ ಬೊಗಸೆಯಲ್ಲಿ ಹಿಡಿದು ನೋಡಿ, ಬಾವಿಕಟ್ಟೆಯ ಮೇಲೆ ಕೂತರು. “ಪಕ್ಕಾ ಐತಿ,” ಎಂದರು, ತಮ್ಮಷ್ಟಕ್ಕೆ ತಾವೇ.

ಅತ್ತೆ ಹಗ್ಗ ಸುತ್ತಿಟ್ಟರು. ಹೆಂಗಸರ ಕಡೆ ತಿರುಗಲಿಲ್ಲ. “ಇಲ್ಲಿ ನೀರಿಲ್ರವಾ, ಹೋಗ್ರಿ,” ಎಂದರು. ಅವರೆಲ್ಲ ಬರಿಗೊಡ ಹಿಡಿದು ನಮ್ಮ ಹಿತ್ತಲು ದಾಟಿ ಹೋದರು.