ಎಡಕ್ಕೆ ಬಿದ್ದ ಹೂವು

ನಮ್ಮ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಕೋಚ್ ಮೂಲತಃ ಉದ್ದ ಜಿಗಿತದವರು. ಮರಳಿನ ಗುಂಡಿಗೆ ಹಾರುವುದರಲ್ಲಿ ಯಾವುದೋ ಕಾಲಕ್ಕೆ ಅವರಿಗೆ ಹೆಸರಿತ್ತಂತೆ. ಬಾಸ್ಕೆಟ್‌ಬಾಲ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಚೆಂಡು ಬಲೆಯೊಳಗೆ ಬೀಳಬೇಕು ಎನ್ನುವುದಷ್ಟೇ. ಉಳಿದದ್ದನ್ನೆಲ್ಲ ವಿಸಿಲ್ ಊದಿ ನಿಭಾಯಿಸುತ್ತಿದ್ದರು. ನಾವು ತಪ್ಪಿದರೂ ಊದುವುದು, ಸರಿಯಾಗಿ ಆಡಿದರೂ ಊದುವುದು. ಇಂಥವರ ಕೈಯಲ್ಲಿ ನನ್ನ ಹಣೆಬರಹ ಇತ್ತಲ್ಲ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಟ ಶುರುವಾಗುವಾಗ ಅಂಕಣಕ್ಕೆ ಇಳಿಯುವ ಐವರಲ್ಲಿ ನಾಲ್ವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಒಂದು ಫಾರ್ವರ್ಡ್ ಜಾಗ. ಅದಕ್ಕೆ ಇಬ್ಬರು: ಶಿವಮೊಗ್ಗದ ಗೋಪಾಳದಿಂದ ನಾನು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ಅವಳು. ಆ ವರ್ಷದ ಫೈನಲ್ ನನ್ನ ಪಾಲಿಗೆ ಕೊನೆಯದು. "ಇದೊಂದು ವರ್ಷ ಆಡ್ಕೋ, ಆಮೇಲೆ ಚಡ್ಡಿ ಹಾಕ್ಕೊಂಡು ಓಡಾಡಿದ್ದು ಸಾಕು" ಎಂದು ಅಪ್ಪ ಹೇಳಿಯಾಗಿತ್ತು. ಕಪ್ಪಿನ ಮೇಲೆ ನನಗೆ ಅಂಥ ಆಸೆಯೇನೂ ಇರಲಿಲ್ಲ. ಅವಳಿಗಿಂತ ನಾನು ವಾಸಿ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಬೇಕಿದ್ದದ್ದು ಅಷ್ಟೇ.

ಅವಳ ಆಟವನ್ನು ನೋಡಲು ಚೆಂದ, ಒಪ್ಪುತ್ತೇನೆ. ಮೂಲೆಯಲ್ಲಿ ನಿಂತು ಎಡಗೈಯಿಂದ ಎಸೆದರೆ ಚೆಂಡು ರಿಂಗನ್ನು ಮುಟ್ಟದೆ ಬಲೆಗಿಳಿಯುತ್ತಿತ್ತು. ಆದರೆ ಎದುರಾಳಿ ಚೆಂಡು ಹಿಡಿದು ನಮ್ಮ ಕಡೆಗೆ ಓಡಿ ಬಂದಾಗ ಈ ಮಹಾರಾಣಿ ಎಲ್ಲಿ? ಅಲ್ಲೇ ಮೂಲೆಯಲ್ಲಿ ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅವಳು ಬಿಟ್ಟ ಜಾಗವನ್ನು ಮುಚ್ಚಲು ಓಡಿದ್ದು ನಾನು, ರಿಂಗಿಗೆ ಬಡಿದು ಹೊರಬಂದ ಚೆಂಡಿಗಾಗಿ, ಆ ರೀಬೌಂಡಿಗಾಗಿ ಮೊಣಕೈ ತಿಂದದ್ದು ನಾನು, ಸಿಮೆಂಟಿನ ಮೇಲೆ ಬಿದ್ದು ಮಂಡಿ ಕೆತ್ತಿಸಿಕೊಂಡದ್ದೂ ನಾನೇ. ಕಾಂಪೌಂಡಿನ ಮೇಲೆ ಕೂತ ಪಡ್ಡೆಗಳು ಅವಳ ಶಾಟುಗಳನ್ನು ಮೊಬೈಲಿನಲ್ಲಿ ಹಿಡಿದು ಹಾಡು ಹಾಕಿ ರೀಲ್ಸ್ ಮಾಡುತ್ತಿದ್ದರು. ರೀಬೌಂಡಿಗೆ ಯಾರೂ ರೀಲ್ಸ್ ಮಾಡುವುದಿಲ್ಲ.

ಅವಳ ನಗುವಂತೂ ನನಗೆ ಸಹಿಸಲಾಗದ ಸಂಗತಿ. ಶಾಟ್ ತಪ್ಪಿದರೂ ನಗು. ಒಮ್ಮೆ ಅಭ್ಯಾಸದಲ್ಲಿ ಬೇಕೆಂದೇ ಭುಜ ಕೊಟ್ಟು ಬೀಳಿಸಿದೆ. ಎದ್ದು ಅಂಗೈ ಒರೆಸಿಕೊಂಡು, "ಎಂಥ ಶಕ್ತಿ ಮಾರಾಯ್ತಿ ನಿಂದು! ಏನು ತಿಂತೀಯೇ?" ಎಂದು ಕೇಳಿದಳು. ಜಗಳಕ್ಕೂ ಯೋಗ್ಯತೆ ಬೇಕು, ಇವಳಲ್ಲಿ ಅದೂ ಇಲ್ಲ ಅನ್ನಿಸಿತು.

ಫೈನಲ್ಲಿನ ಹಿಂದಿನ ಸಂಜೆ ನಾನೇ ಹೋಗಿ ಕೋಚನ್ನು ಕೇಳಿದೆ.

"ಸರ್, ನಾಳೆ ಫಸ್ಟ್ ಫೈವಲ್ಲಿ ನಾನಾ, ಅವಳಾ?"

"ನಾಳೆ ಗೊತ್ತಾಗುತ್ತೆ ಬಿಡಮ್ಮ. ನಂಗೇ ಇನ್ನೂ ಗೊತ್ತಿಲ್ಲ."

ಪಾಪ, ತಲೆ ಕೆಡಿಸಿಕೊಂಡಿದ್ದಾರೆ, ರಾತ್ರಿಯೆಲ್ಲ ಕೂತು ಇಬ್ಬರನ್ನೂ ತೂಗಿ ನೋಡುತ್ತಾರೆ ಎಂದುಕೊಂಡೆ. ಉದ್ದ ಜಿಗಿತದವರ ಬಗ್ಗೆ ನಾನು ಗೌರವದಿಂದ ಯೋಚಿಸಿದ್ದು ಅದೇ ಮೊದಲು, ಅದೇ ಕೊನೆ.

ಪಂದ್ಯ ಇದ್ದದ್ದು ಭದ್ರಾವತಿಯಲ್ಲಿ, ಅವಳ ಕ್ವಾರ್ಟರ್ಸಿನ ಹಳೇ ಕೋರ್ಟಿನಲ್ಲಿ. ಬೆಳಿಗ್ಗೆ ಶಿವಮೊಗ್ಗದಿಂದ ಹೊರಟ ನಮ್ಮ ಟೆಂಪೊ ಊರು ಇನ್ನೇನು ಬಂತು ಅನ್ನುವಾಗ ಒಂದು ಅಮ್ಮನ ಗುಡಿಯ ಮುಂದೆ ನಿಂತಿತು. ಭದ್ರಾವತಿಯ ಹುಡುಗಿ ಅಲ್ಲೇ ಬಂದು ಕಾಯುತ್ತಿದ್ದಳು. ಪಂದ್ಯದ ದಿನ ಕಾಯಿ ಒಡೆಸುವುದು ಇದ್ದದ್ದೇ ಎಂದು ನಾನೂ ಶೂ ಬಿಚ್ಚಿ ಒಳಗೆ ಹೋದೆ. ಕೋಚ್ ಅರ್ಚಕರ ಕಿವಿಯಲ್ಲಿ ಏನೋ ಹೇಳಿದರು. ಅರ್ಚಕರು ದಾಸವಾಳದ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸಿ, ಗಂಟೆ ಹಿಡಿದು ನಿಂತರು. ಪ್ರಸಾದ ಕೇಳುತ್ತಿದ್ದಾರೆ ಎಂದು ಆಗ ಹೊಳೆಯಿತು. ಮನೆ ಕಟ್ಟುವುದಕ್ಕೆ, ಹೆಣ್ಣು ತರುವುದಕ್ಕೆ, ಬೋರ್‌ವೆಲ್ ತೆಗೆಸುವುದಕ್ಕೆ ನಮ್ಮ ಕಡೆಯ ಜನ ಹೀಗೆ ಕೇಳುತ್ತಾರೆ. ಬಲಗಡೆ ಹೂ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಗೆಲ್ಲುತ್ತೇವೋ ಇಲ್ಲವೋ ಎಂದು ಕೇಳುತ್ತಿರಬೇಕು ಅಂದುಕೊಂಡೆ.

ಎಡಗಡೆಯ ಹೂ ಜಾರಿ ಬಿತ್ತು.

ಕೋಚ್ ಕೆನ್ನೆ ಕೆನ್ನೆ ಬಡಿದುಕೊಂಡು ಹೊರಬಂದರು. ಇಬ್ಬರನ್ನೂ ಧ್ವಜಕಂಬದ ಹತ್ತಿರ ಕರೆದು, ಸಾಲ ತೀರಿಸಿದವರ ಹಾಗೆ ಹಗುರಾಗಿ ಹೇಳಿದರು: "ನೋಡಿ, ಇವಳನ್ನ ಇಳಿಸಲಾ ಅಂತ ಕೇಳ್ದೆ. ಅಮ್ಮ ಎಡ ಕೊಟ್ಟಳು. ಹಾಗಾಗಿ ಇವತ್ತು ನೀನು ಆಡಮ್ಮ."

ಇವಳು ಎಂದರೆ ಭದ್ರಾವತಿಯವಳು. ನನ್ನ ಹೆಸರು ಗರ್ಭಗುಡಿಯ ಒಳಗೆ ಹೋಗಲೇ ಇಲ್ಲ. ಅಷ್ಟು ತಿಂಗಳು ಮಂಡಿ ಕೆತ್ತಿಸಿಕೊಂಡು ದುಡಿದದ್ದಕ್ಕೆ ನನಗೆ ಸಿಕ್ಕಿದ್ದು ಇನ್ನೊಬ್ಬಳಿಗೆ ಬೇಡ ಅಂದದ್ದರ ಉಳಿಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನ್ನ ವಿಷಯದಲ್ಲಿ ದೇವರಿಗೆ ನಾನು ಇದ್ದೇನೆ ಎಂಬುದೇ ಗೊತ್ತಿರಲಿಲ್ಲ.

ಅವಳಾದರೂ ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದು ಅವಳ ಮುಖ ನೋಡಿದೆ. ಅವಳು ಕುಂಕುಮ ಇಟ್ಟುಕೊಂಡು, ನನ್ನ ಹಣೆಗೂ ಇಟ್ಟು, "ಚೆನ್ನಾಗಿ ಆಡೇ. ಅಮ್ಮ ನಿನ್ನ ಕಡೆ ಇದ್ದಾಳೆ" ಎಂದಳು. ಆ ಕ್ಷಣ ಕೋಚಿಗಿಂತಲೂ ಅವಳನ್ನು ಹೆಚ್ಚು ತುಚ್ಛವಾಗಿ ಕಂಡೆ. ಊರವರ ಮುಂದೆ ಆಡುವ ಫೈನಲ್, ಒಂದು ದಾಸವಾಳ ಬಿತ್ತೆಂದು ಬಿಟ್ಟುಕೊಟ್ಟಳಲ್ಲ!

ಅವತ್ತು ಆಡಿದ ಹಾಗೆ ನಾನು ಹಿಂದೆಯೂ ಆಡಿರಲಿಲ್ಲ, ಮುಂದೆ ಆಡುವ ಮಾತೂ ಇರಲಿಲ್ಲ. ಸಿಟ್ಟಿನಲ್ಲಿ ಹಾರಿದರೆ ರಿಂಗೇ ಕೆಳಗಿಳಿದು ಬಂದಂತಿತ್ತು. ನಾವು ಗೆದ್ದೆವು. ಕ್ವಾರ್ಟರ್ಸಿನ ರಿಟೈರಾದ ಮುದುಕರು, ತಮ್ಮ ಕಾಲದಲ್ಲಿ ಅದೇ ಕೋರ್ಟಿನಲ್ಲಿ ಆಡಿದವರು, ತಮಿಳು ಕನ್ನಡ ಬೆರೆಸಿ ಹೊಗಳಿದರು. ಅಷ್ಟರಲ್ಲಿ ಕೋಚ್ ನಡುವೆ ನುಗ್ಗಿ, "ಸುಮ್ನೇನಾ? ಅಮ್ಮನ ಅಪ್ಪಣೆ ತಗೊಂಡು ಇಳಿಸಿದ್ದು!" ಎಂದು ಹೂವಿನ ಕಥೆ ಹೇಳಿದರು. ಮುದುಕರು ನನ್ನನ್ನು ಬಿಟ್ಟು ಗುಡಿಯ ದಿಕ್ಕಿಗೆ ಕೈಮುಗಿದರು. ರೀಬೌಂಡು ಹಿಡಿದದ್ದೂ ಅಮ್ಮನೇ ಇರಬೇಕು.

ಎಲ್ಲರೂ ಟೆಂಪೊ ಹತ್ತುವಾಗ ಅವಳನ್ನು ಪಕ್ಕಕ್ಕೆ ಕರೆದೆ.

"ಒಂದಿನ ಇಬ್ಬರೇ ಆಡೋಣ ಬಾ. ಕೋಚ್ ಬೇಡ, ಜನ ಬೇಡ. ಯಾರು ವಾಸಿ ಅಂತ ಗೊತ್ತಾಗ್ಲಿ."

"ಅಮ್ಮ ಹೇಳಿ ಆಯ್ತಲ್ಲೇ. ಮತ್ತೆ ನಾವು ಅಳೆಯೋಕೆ ಹೋಗ್ಬಾರ್ದು" ಎಂದು ನನ್ನ ನೀರಿನ ಬಾಟಲಿ ತುಂಬಿಸಿ ಕೈಗಿಟ್ಟಳು.

ಆಗ ನನಗೆ ವಿಷಯ ಪೂರ್ತಿ ಅರ್ಥವಾಯಿತು. ಅವಳು ನನ್ನೆದುರು ಸೋತೇ ಇರಲಿಲ್ಲ. ಸೋತಿದ್ದರೆ ಅಮ್ಮನೆದುರು ಸೋತಿದ್ದಳು, ಅದರಲ್ಲಿ ಯಾರಿಗೂ ಅವಮಾನವಿಲ್ಲ. ನಾನು ಮಾತ್ರ ಗೆಲ್ಲದೆ ಗೆದ್ದವಳಾಗಿ ಉಳಿದೆ.

ಅಪ್ಪನ ಮಾತಿನಂತೆ ಆಟ ನಿಂತಿತು. ಈಗ ನಾನು ಸವಳಂಗ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅವಳು ಭದ್ರಾವತಿಯಲ್ಲೇ ಸಂಸಾರ ಹೂಡಿ ಟೈಲರಿಂಗ್ ಮಾಡುತ್ತಾಳೆ. ಲೈನಿಂಗ್ ಬಟ್ಟೆ ತರಲು ಗಾಂಧಿ ಬಜಾರಿಗೆ ಬಂದಾಗೆಲ್ಲ ಎಲ್ಲಾದರೂ ಎದುರಾಗುತ್ತಾಳೆ. ಬೀದಿಯ ಆ ಕಡೆಯಿಂದಲೇ, "ಏನೇ ಅಮ್ಮನ ಕಡೆಯವಳೇ, ಚೆನ್ನಾಗಿದ್ದೀಯಾ?" ಎಂದು ಕೂಗುತ್ತಾಳೆ. ಅದೇ ನಗು. ಪ್ರತಿಸಲವೂ ಆಟಕ್ಕೆ ಕರೆಯುತ್ತೇನೆ, ಪ್ರತಿಸಲವೂ ತಲೆ ಅಲ್ಲಾಡಿಸುತ್ತಾಳೆ. ಹೋದ ತಿಂಗಳು ನನ್ನ ಕಾಟ ತಾಳಲಾರದೆ ಹೇಳಿದಳು: "ಅಷ್ಟು ಆಸೆ ಇದ್ರೆ ಅಮ್ಮನ್ನೇ ಹೋಗಿ ಕೇಳು ಮಾರಾಯ್ತಿ. ಬಲ ಕೊಟ್ರೆ ನಾಳೆನೇ ಬರ್ತೀನಿ. ಎಡ ಕೊಟ್ರೆ ಇನ್ಮೇಲೆ ಈ ಮಾತು ಎತ್ಬಾರ್ದು."

ಸಿಕ್ಕಿಬಿದ್ದಳು ಎಂದುಕೊಂಡೆ. ಮೂಢರನ್ನು ಅವರ ಮೂಢತನದಿಂದಲೇ ಕಟ್ಟಿಹಾಕಬೇಕು. ರಜೆ ಹಾಕಿ ಭದ್ರಾವತಿಯ ಬಸ್ಸು ಹತ್ತಿದೆ. ಗುಡಿಯಲ್ಲಿ ಅದೇ ಅರ್ಚಕರು, ಕೂದಲು ಬೆಳ್ಳಗಾಗಿತ್ತು. ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ನೆನೆದುಕೊಳ್ಳಿ ಎಂದರು. ಹೂ ಯಾವ ಕಡೆ ಬಿದ್ದರೂ ಬಲ ಎಂದು ಫೋನು ಮಾಡುವುದೆಂದು ನಾನು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ನೋಡುವವರು ಯಾರು? ಹಾಗಾಗಿ ಆರಾಮವಾಗಿ ನಿಂತಿದ್ದೆ. ಗಂಟೆ ಶುರುವಾದ ಮೇಲೆ ಬಲಭುಜದ ಹೂವನ್ನೇ ಯಾಕೆ ಹಾಗೆ ದಿಟ್ಟಿಸುತ್ತಿದ್ದೆನೋ ತಿಳಿಯದು.

"ಎಡ ಆಯ್ತಮ್ಮ" ಎಂದರು ಅರ್ಚಕರು.

ಹೊರಗೆ ಬಂದು ಅದೇ ಧ್ವಜಕಂಬದ ಹತ್ತಿರ ನಿಂತು ಫೋನು ಹಚ್ಚಿದೆ. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಏನೇ, ಕೇಳಿದ್ಯಾ? ಏನು ಕೊಟ್ಟಳು?"

ಅವಳ ದನಿಯಲ್ಲಿ ಆಸೆ ಇತ್ತು. ಅವಳಿಗೂ ಆಡಬೇಕಿತ್ತು, ಇಷ್ಟು ವರ್ಷವೂ ಬೇಕಿತ್ತು ಎಂದು ಆಗ ಗೊತ್ತಾಯಿತು. ಬಲ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿತ್ತು. ಹಾಳಾದ್ದು, ಹೊರಗೆ ಬರಲೇ ಇಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಎಡ ಬಿತ್ತು ಕಣೆ" ಎಂದೆ.

"ಹಾಗಾದ್ರೆ ಬೇಡ ಬಿಡು. ಬಿಸಿಲಲ್ಲಿ ನಿಲ್ಬೇಡ, ಮನೆಗೆ ಬಾ, ಊಟ ಮಾಡ್ಕೊಂಡು ಹೋಗು" ಎಂದಳು.

ಹೂಂ ಅಂದೆ.