ಕೆರೆಯಲ್ಲಿ ಮುಳುಗಿಸಿದ ಕಾಲುಗಳು

ಬೋರ್ಡು ಮಾವ ಎಂದರೆ ಇಡೀ ಬೀದಿಗೇ ಗೊತ್ತು. ಅಂಗಡಿಗಳ ಬೋರ್ಡು ಬರೆದೂ ಬರೆದೂ ಅವರ ಉಗುರಿನ ಸಂದಿಯ ಬಣ್ಣ ಸೀಮೆಎಣ್ಣೆಗೂ ಜಗ್ಗುತ್ತಿರಲಿಲ್ಲ. ಅಕ್ಷರವಂತೂ ಮುತ್ತು ಪೋಣಿಸಿದ ಹಾಗೆ. ಹೆಂಡತಿ ಬಲು ಗಟ್ಟಿಗಿತ್ತಿ, ಏಣಿ ಹಿಡಿಯಲು ತಾನೇ ಹೋಗುವವಳು. ಇರಲಿ, ಅವಳ ಕಥೆಗೆ ಕೈ ಹಾಕಿದರೆ ಇವತ್ತಿಗೆ ಮುಗಿಯುವುದಿಲ್ಲ.

ಮಾವನಿಗೆ ಬಾರದ್ದು ಒಂದೇ, ಕಾಲು. ಪಾದ ಬರೆಯಲು ಹೋದರೆ ಮೂಲಂಗಿ ನೆಟ್ಟ ಹಾಗಾಗುತ್ತಿತ್ತು. ಅದಕ್ಕೇ ಹಾಲಿನಂಗಡಿಯ ಬೋರ್ಡಿನ ಹಸು ಮೊಣಕಾಲುದ್ದ ಹುಲ್ಲಿನಲ್ಲಿ ನಿಂತಿತ್ತು. ಯಾರೂ ಕೇಳಲಿಲ್ಲ. ಹುಲ್ಲಿದ್ದರೆ ಹಸುವಿಗೆ ಒಳ್ಳೆಯದೇ ಅಲ್ಲವೇ?

ಹದಿನಾರು ವರ್ಷದ ಹಿಂದೆ ಮ್ಯೂಸಿಯಂ ಗೋಡೆಯ ಮೇಲೆ ಉದ್ದ ಕತ್ತಿನ ಡೈನೋಸಾರ್ ಬರೆಯುವ ಕೆಲಸ ಸಿಕ್ಕಿತು. ಕೊಟ್ಟ ಮಾದರಿಯಲ್ಲಿ ಅದು ಒಣ ನೆಲದ ಮೇಲೆ ನಿಂತಿತ್ತು. ಕತ್ತು ಬಂತು, ಬೆನ್ನು ಬಂತು, ಬಾಲವೂ ಬಂತು. ಕಾಲಿನ ಸರದಿ ಬಂದಾಗ ಮಾವ ನೀಲಿ ಡಬ್ಬ ತೆಗೆದು ಹೊಟ್ಟೆಯವರೆಗೂ ಕೆರೆ ತುಂಬಿಸಿಬಿಟ್ಟರು.

"ಇದೇನ್ರೀ, ನೀರಿಗಿಳಿಸಿಬಿಟ್ರಿ?" ಎಂದರು ಅಧಿಕಾರಿ.

"ಅಷ್ಟು ಭಾರದ ಮೈ ಸಾರ್, ನೀರಲ್ಲಿದ್ರೇನೇ ಅದಕ್ಕೆ ಹಗುರ. ಪುಸ್ತಕದಲ್ಲಿ ಓದಿದೀನಿ."

ಓದಿದ್ದು ಸುಳ್ಳು. ಅಧಿಕಾರಿಗೂ ಊಟದ ಹೊತ್ತಾಗಿತ್ತು. ತಲೆಯಾಡಿಸಿ ಹೋದರು.

ಈಚೆಗೊಂದು ಸಂಜೆ ಮೊಮ್ಮಗಳು ಪರೀಕ್ಷೆಯ ಹಾಳೆ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಉದ್ದ ಕತ್ತಿನ ಡೈನೋಸಾರ್ ಎಲ್ಲಿ ವಾಸಿಸುತ್ತಿತ್ತು ಎಂಬ ಪ್ರಶ್ನೆಗೆ, ತಾತನ ಗೋಡೆಚಿತ್ರ ನಂಬಿ, "ಕೆರೆಯಲ್ಲಿ" ಎಂದು ಬರೆದಿದ್ದಳು. ಮೇಡಂ ತಪ್ಪು ಹಾಕಿದ್ದರು.

"ನಾನು ಬಿಡಲಿಲ್ಲ ತಾತ. ನಮ್ಮ ತಾತ ಓದ್ಕೊಂಡೇ ಬರ್ದಿರೋದು, ನಿಮಗೇ ಗೊತ್ತಿಲ್ಲ ಅಂದೆ. ಎಲ್ಲರೂ ನಕ್ರು. ಬೇಕಾದಾಗ ಈಜಿರಬಹುದು, ಆದ್ರೆ ನೆಲದ ಮೇಲೆ ಓಡಾಡಿದ ಹೆಜ್ಜೆಗುರುತು ಕಲ್ಲಲ್ಲೇ ಸಿಕ್ಕಿದೆ ಅಂದ್ರು ಮೇಡಂ. ನಾಳೆ ನೀನೇ ಬಂದು ಹೇಳು. ಆ ಪುಸ್ತಕಾನೂ ತಗೊಂಡ್ಬಾ!"

ಉಣ್ಣುತ್ತಿದ್ದ ಮಾವ ತಟ್ಟೆ ಸರಿಸಿ ಕೈ ತೊಳೆಯಲು ಎದ್ದರು.

"ಯಾವ ಪೆಟ್ಟಿಗೇಲಿದೆ ಹೇಳ್ರೀ, ಹುಡುಕಿ ಕೊಡ್ತೀನಿ," ಎಂದಳು ಹೆಂಡತಿ, ಮುಖದ ಮೇಲೆ ಹೊಡೆದ ಹಾಗೆ.

ಮರುದಿನ ಮಾವ ಬರಿಗೈಯಲ್ಲಿ ತರಗತಿಗೆ ಹೋದರು. "ಮೇಡಂ ಹೇಳಿದ್ದೇ ಸರಿ, ಮಕ್ಕಳೇ. ಪುಸ್ತಕಾನೂ ಇಲ್ಲ, ಏನೂ ಇಲ್ಲ. ನಂಗೆ ಕಾಲು ಬರೆಯೋಕೆ ಬರಲ್ಲ, ಅದಕ್ಕೇ ನೀರು ಬರೆದೆ," ಎಂದರು. ನಗು ತಾರಸಿ ಹಾರಿಸುವಂತಿತ್ತು. ಮೊಮ್ಮಗಳು ಮಾತ್ರ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳ ತಲೆ ಸವರಲು ಚಾಚಿದ ಕೈಯನ್ನು ಮಾವ ಹಾಗೇ ಹಿಂದಕ್ಕೆ ತೆಗೆದುಕೊಂಡರು.

ಅಲ್ಲಿಂದ ನೆಟ್ಟಗೆ ಮ್ಯೂಸಿಯಂಗೆ ಹೋಗಿ, "ಕಾಲು ಬರೆಯೋಕೆ ಬರೋರನ್ನ ಕರೆಸಿ ಸಾರ್. ಕೆರೆ ಮಾತ್ರ ನಾನೇ ಕೆರೆದು ತೆಗೀತೀನಿ," ಎಂದರು. ಅಂದಿನಿಂದ ಉಪ್ಪುಕಾಗದ ಹಿಡಿದು ಕೂತರು. ಬಂದವರೆಲ್ಲ ನಿಂತು, ಯಾಕೆ ಉಜ್ಜುತ್ತಿದ್ದೀರಿ ಎಂದು ಕೇಳುವವರೇ. ಒಬ್ಬೊಬ್ಬರಿಗೂ ಉತ್ತರ ಹೇಳುವಾಗ ಕಿವಿಯವರೆಗೂ ಬಿಸಿಯೇರುತ್ತಿತ್ತು.

ಮೂರು ದಿನ ಮಾತು ಬಿಟ್ಟಿದ್ದ ಮೊಮ್ಮಗಳು ನಾಲ್ಕನೆಯ ಸಂಜೆ ಬ್ಯಾಗು ಹೊತ್ತು ಬಂದು ಹಿಂದೆ ನಿಂತಳು.

"ಇವತ್ತು ಎಷ್ಟು ಜನ ಕೇಳಿದ್ರು?"

"ಹನ್ನೊಂದು."

"ಎಲ್ಲರಿಗೂ ನಿಜಾನೇ ಹೇಳಿದ್ಯಾ?"

ಮಾವ ಕೈಗೆ ಮೆತ್ತಿದ ನೀಲಿ ಧೂಳನ್ನು ಪಂಚೆಗೆ ಒರೆಸಿಕೊಂಡರು.

"ಒಬ್ಬರಿಗೆ... ಗೋಡೆಗೆ ತೇವ ಹಿಡಿದಿದೆ ಅಂದ್ಬಿಟ್ಟೆ ಕಣೇ."